ಹಾಲು ಹಲ್ಲು ಬಿದ್ದೇ ಇಲ್ಲ, ಹಿಂದೆ ಹೊಸ ಹಲ್ಲು ಬಂದಾಯ್ತು!

ಒಂದನೇ, ಎರಡನೇ ಕ್ಲಾಸಿನ ಮಕ್ಕಳಿರೋ ಮನೆಗಳಲ್ಲಿ ಈ ಗಾಬರಿ ಮಾಮೂಲಿ. ಬ್ರಷ್ ಮಾಡಿಸುವಾಗ ಮಗುವಿನ ಬಾಯಿ ನೋಡಿದ್ರೆ, ಕೆಳಗಿನ ಮುಂಬಲ್ಲುಗಳ ಹಿಂದೆ, ನಾಲಗೆ ಕಡೆಗೆ, ಇನ್ನೊಂದು ಹಲ್ಲು ಇಣುಕ್ತಾ ಇರುತ್ತೆ. ಮುಂದಿರೋ ಹಾಲು ಹಲ್ಲು ಮಾತ್ರ ಜಾಗ ಬಿಟ್ಟು ಕದಲಿಲ್ಲ. ಫೋಟೊ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಹತ್ತು ನಿಮಿಷದಲ್ಲಿ ಹತ್ತು ಸಲಹೆ. ಒಬ್ಬರು ‘ನಾಳೆನೇ ಕೀಳಿಸಿಬಿಡಿ’ ಅಂತಾರೆ. ಇನ್ನೊಬ್ಬರು ‘ಹಲ್ಲಿನ ಮೇಲೆ ಹಲ್ಲು ಬಂದ್ರೆ ಅದೃಷ್ಟ ಕಣ್ರೀ’ ಅಂತಾರೆ. ಮತ್ತೊಬ್ಬರು ಆಗಲೇ ಕ್ಲಿಪ್ ಖರ್ಚಿನ ಲೆಕ್ಕ ಹಾಕಿರ್ತಾರೆ.

ಮೊದಲು, ಇದು ಯಾಕಾಗುತ್ತೆ ನೋಡೋಣ. ಮಕ್ಕಳಿಗೆ ಹಾಲು ಹಲ್ಲು ಒಟ್ಟು 20. ಹೊಸ ಹಲ್ಲು ಒಳಗಿನಿಂದ ಮೇಲೆ ಬರ್ತಾ ಬರ್ತಾ ಹಾಲು ಹಲ್ಲಿನ ಬೇರು ನಿಧಾನವಾಗಿ ಕರಗುತ್ತೆ. ಬೇರು ಹೋದ ಮೇಲೆ ಹಲ್ಲು ಅಲ್ಲಾಡಿ ಬೀಳುತ್ತೆ. ಬಿದ್ದ ಹಾಲು ಹಲ್ಲಿಗೆ ಬೇರೇ ಕಾಣದಿರೋದು ಇದೇ ಕಾರಣಕ್ಕೆ. ಕೆಳಗಿನ ಮುಂದಿನ ಶಾಶ್ವತ ಹಲ್ಲುಗಳು ದವಡೆಯೊಳಗೆ ಹಾಲು ಹಲ್ಲಿನ ಹಿಂಭಾಗದಲ್ಲೇ ಬೆಳೆಯೋದು. ಜಾಗ ಸ್ವಲ್ಪ ಕಮ್ಮಿ ಇದ್ರೆ ಅಥವಾ ಬೇರು ಸರಿಯಾಗಿ ಕರಗದೇ ಇದ್ರೆ, ಹೊಸದು ಹಿಂದಿನಿಂದಲೇ ಹೊರಗೆ ಬಂದುಬಿಡುತ್ತೆ. ಸಾಮಾನ್ಯವಾಗಿ 6–7ನೇ ವಯಸ್ಸಿನಲ್ಲಿ ಇದು ಕಾಣಿಸುತ್ತೆ.

ಈಗ ಮಾಡಬೇಕಾದ ಕೆಲಸ ಒಂದೇ. ಕೈ ತೊಳ್ಕೊಂಡು ಆ ಹಾಲು ಹಲ್ಲನ್ನ ಮೆಲ್ಲಗೆ ಅಲ್ಲಾಡಿಸಿ ನೋಡಿ.

ಅಲ್ಲಾಡ್ತಿದ್ರೆ ಕಾಯಬಹುದು. ದಿನಾ ಮಗುವೇ ನಾಲಗೆಯಿಂದಲೋ ಬೆರಳಿಂದಲೋ ಅಲ್ಲಾಡಿಸಲಿ. ಸೀಬೆಹಣ್ಣು, ಕ್ಯಾರೆಟ್, ಸೌತೆಕಾಯಿ ಕಚ್ಚಿ ತಿನ್ನಲಿ. ದಾರ ಕಟ್ಟಿ ಬಾಗಿಲಿಗೆ ಎಳೆಯೋ ಸಾಹಸ ಬೇಡ. ಹಾಲು ಹಲ್ಲು ಬಿದ್ದ ಮೇಲೆ ನಾಲಗೆ ಒಳಗಿನಿಂದ ಒತ್ತುತ್ತಾ ಇರೋದ್ರಿಂದ, ಹಿಂದಿದ್ದ ಹೊಸ ಹಲ್ಲು ಕೆಲವು ತಿಂಗಳಲ್ಲಿ ಮುಂದಕ್ಕೆ ಸರಿಯುತ್ತೆ, ಜಾಗ ಇದ್ದರೆ. ‘ನಾಲಗೆ ತಾಗಿಸಬೇಡ, ಹಲ್ಲು ಸೊಟ್ಟ ಬರುತ್ತೆ’ ಅಂತ ಅಜ್ಜಿಯರು ಗದರೋದುಂಟು. ಈ ಹಲ್ಲಿನ ವಿಷಯದಲ್ಲಿ ಆ ನಾಲಗೆಯೇ ನಮ್ಮ ಕಡೆ ಇದೆ.

ಸ್ವಲ್ಪವೂ ಅಲ್ಲಾಡ್ತಿಲ್ಲ ಅಂದ್ರೆ, ಅಥವಾ ಎರಡು ಮೂರು ತಿಂಗಳಾದ್ರೂ ಎರಡು ಸಾಲು ಹಾಗೇ ಇದೆ ಅಂದ್ರೆ, ಮಕ್ಕಳ ದಂತವೈದ್ಯರಿಗೆ ತೋರಿಸಿ. ಮೇಲಿನ ಮುಂಬಲ್ಲಿನ ಹಿಂದೆ ಹೊಸ ಹಲ್ಲು ಬಂದಿದ್ರೆ ಇಷ್ಟು ದಿನ ಕಾಯೋದೂ ಬೇಡ. ಬಾಯಿ ಮುಚ್ಚಿದಾಗ ಅದು ಕೆಳಗಿನ ಹಲ್ಲಿನ ಹಿಂದೆ ಸಿಕ್ಕಿಹಾಕಿಕೊಂಡ್ರೆ ತಾನಾಗಿ ಮುಂದೆ ಬರೋಕಾಗಲ್ಲ. ಅಲ್ಲದೆ ಮೇಲ್ಗಡೆ ಕೆಲವು ಮಕ್ಕಳಿಗೆ ಲೆಕ್ಕಕ್ಕಿಂತ ಒಂದು ಹಲ್ಲು ಜಾಸ್ತಿ ಬಂದಿರುತ್ತೆ. ಅದು ಯಾವ ಹಲ್ಲು ಅಂತ ಎಕ್ಸ್‌ರೇ ನೋಡಿಯೇ ಹೇಳಬೇಕು.

ನಮ್ಮ ಬಸವೇಶ್ವರನಗರದಲ್ಲಿ ಡೆಂಟಲ್ ಕ್ಲಿನಿಕ್‌ಗಳಿಗೇನೂ ಬರವಿಲ್ಲ. ಖರ್ಚಿನ ಚಿಂತೆ ಇರೋರಿಗೆ, ಅಥವಾ ಇನ್ನೊಂದು ಅಭಿಪ್ರಾಯ ಬೇಕು ಅನ್ನೋರಿಗೆ, ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. 1958ರಿಂದ ಇರೋ ಸಂಸ್ಥೆ, ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗವಿದೆ. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದ್ರೆ ನೇರ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಬಹುದು.

ಆದರೆ ನಾನು ಹೇಳಬೇಕು ಅಂತಿರೋ ಮುಖ್ಯ ವಿಷಯ ಬೇರೆ. ನಾವೆಲ್ಲ ಮುಂದಿನ ಎರಡು ಸಾಲು ನೋಡಿ ತಲೆ ಕೆಡಿಸ್ಕೊಳ್ಳೋ ಅದೇ ವಯಸ್ಸಿನಲ್ಲಿ, ಬಾಯಿಯ ತುದಿಯಲ್ಲಿ ಇನ್ನೊಂದು ಹಲ್ಲು ಸದ್ದಿಲ್ಲದೆ ಬರುತ್ತೆ. ಮೊದಲ ಶಾಶ್ವತ ದವಡೆ ಹಲ್ಲು. ಇದಕ್ಕಾಗಿ ಯಾವ ಹಾಲು ಹಲ್ಲೂ ಬೀಳಲ್ಲ. ಕೊನೆಯ ಹಾಲು ಹಲ್ಲಿನ ಹಿಂದೆ, ಖಾಲಿ ಜಾಗದಲ್ಲಿ ಬರುತ್ತೆ. ಹಾಗಾಗಿ ಬಂದಿದ್ದೇ ಗೊತ್ತಾಗಲ್ಲ. ಗೊತ್ತಾದ್ರೂ ‘ಹೇಗೂ ಬಿದ್ದುಹೋಗೋ ಹಲ್ಲು ತಾನೆ’ ಅಂತ ಬಿಟ್ಟುಬಿಡ್ತೀವಿ. ಅದು ಬೀಳಲ್ಲ. ಎಪ್ಪತ್ತರಲ್ಲೂ ಅಗಿಯೋಕೆ ಬೇಕಾಗಿರೋ ಹಲ್ಲು ಅದು.

ಮುಂದಿನ ಹಲ್ಲು ಸೊಟ್ಟ ಬಂದ್ರೆ ಮುಂದೆ ಸರಿಪಡಿಸಬಹುದು. ಈ ಹಲ್ಲು ಹುಳುಕಾದ್ರೆ ಹೋದ ಭಾಗ ಮತ್ತೆ ಬೆಳೆಯಲ್ಲ. ಹೊಸದಾಗಿ ಬಂದಾಗ ಇದರ ಮೇಲೆ ಆಳವಾದ ಗೆರೆಗಳಿರುತ್ತವೆ. ಬಿಸ್ಕೆಟ್, ಚಾಕೊಲೇಟ್ ಅಲ್ಲೇ ಕೂತ್ಕೊಳ್ಳುತ್ತೆ. ಪೂರ್ತಿ ಮೇಲೆ ಬರೋ ತನಕ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರೋದ್ರಿಂದ ಬ್ರಷ್ಷೂ ತಾಗಲ್ಲ.

ಇವತ್ತು ರಾತ್ರಿ ಒಂದು ಎಣಿಕೆ ಮಾಡಿ. ಎರಡು ಮುಂಬಲ್ಲುಗಳ ನಡುವಿನಿಂದ ಶುರು ಮಾಡಿ ಒಂದು ಪಕ್ಕದ ಹಲ್ಲು ಎಣಿಸ್ತಾ ಹಿಂದಕ್ಕೆ ಹೋಗಿ. ಬಿದ್ದ ಹಲ್ಲಿನ ಜಾಗವನ್ನೂ ಒಂದು ಅಂತ ಲೆಕ್ಕ ಹಾಕಿ. ಎರಡು ಸಾಲು ಇರೋ ಕಡೆ ಒಂದೇ ಸಲ ಎಣಿಸಿ. ಒಂದು ಪಕ್ಕಕ್ಕೆ ಹಾಲು ಹಲ್ಲು ಐದೇ. ಆರನೆಯದು ಸಿಕ್ತು ಅಂದ್ರೆ ಅದೇ ಆ ಶಾಶ್ವತ ಹಲ್ಲು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಬರಬೇಕು.

ಸಿಕ್ಕರೆ, ಬ್ರಷ್ಷನ್ನ ಕೆನ್ನೆ ಕಡೆಯಿಂದ ಅಡ್ಡ ಹಿಡಿದು ಆ ಹಲ್ಲಿನ ಮೇಲ್ಭಾಗವನ್ನ ನೀವೇ ಉಜ್ಜಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಏಳೆಂಟು ವರ್ಷದ ತನಕ ರಾತ್ರಿ ಬ್ರಷ್ಷಿಂಗ್ ಅಪ್ಪ–ಅಮ್ಮನ ಕೈಯಲ್ಲೇ ಇರಲಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ‘ದವಡೆ ಹಲ್ಲಿಗೆ ಸೀಲೆಂಟ್ ಹಾಕಬಹುದಾ?’ ಅಂತ ಕೇಳಿ. ಇಂಜೆಕ್ಷನ್, ಡ್ರಿಲ್ ಏನೂ ಇಲ್ಲದೆ ಆ ಗೆರೆಗಳನ್ನ ಮುಚ್ಚೋ ತೆಳು ಲೇಪ ಅದು.

ಮುಂದಿನ ಎರಡು ಸಾಲಿನ ಫೋಟೊ ಗ್ರೂಪಿಗೆ ಹಾಕೋದಿದ್ರೆ ಹಾಕಿ. ಜೊತೆಗೆ ‘ನಿಮ್ಮ ಮಗುಗೆ ಆರನೇ ಹಲ್ಲು ಬಂತಾ?’ ಅಂತನೂ ಒಂದು ಮಾತು ಕೇಳಿಬಿಡಿ.