ಸೊಪ್ಪಿನ ಬ್ರೆಡ್ಡಿಗೆ ಪ್ಯಾಕೆಟ್ ಯಾಕೆ, ಹಿತ್ತಲಲ್ಲಿ ದೊಡ್ಡಪತ್ರೆ ಇಲ್ವೇ?

ಈ ಸಲ ಅರ್ಧ ಬೆಳೆ ವಿಚಾರ, ಅರ್ಧ ಅಡುಗೆಮನೆ ವಿಚಾರ. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈರಿ.

ಪೇಟೆ ಬೇಕರಿಗಳಲ್ಲಿ ಹರ್ಬ್ ಬ್ರೆಡ್ ಅಂತ ಇಡ್ತಾರಲ್ಲ, ಅದಕ್ಕೆ ಹಾಕೋದು ಪ್ಯಾಕೆಟ್ಟಿನ ಒಣ ಎಲೆ. ಓರೆಗಾನೊ, ಬೇಸಿಲ್ ಅಂತ ಹೆಸರು. ಆ ಓರೆಗಾನೊ ಒಂದು ಚಿಟಿಕೆ ಮೂಸಿ ನೋಡಿ, ಆಮೇಲೆ ನಿಮ್ಮ ಹಿತ್ತಲಿನ ದೊಡ್ಡಪತ್ರೆ ಎಲೆ ಹಿಸುಕಿ ಮೂಸಿ. ಗಿಡ ಬೇರೆ, ಘಾಟು ಹತ್ತಿರ ಹತ್ತಿರ ಒಂದೇ. ಎರಡರಲ್ಲೂ ಕಾರ್ವಕ್ರಾಲ್ ಅನ್ನೋ ಎಣ್ಣೆ ಅಂಶ ಇದೆ, ಅದಕ್ಕೆ ಹಾಗೆ. ಹೊರದೇಶದಲ್ಲಿ ದೊಡ್ಡಪತ್ರೆಗೆ ಕ್ಯೂಬನ್ ಓರೆಗಾನೊ ಅಂತಾನೇ ಕರೀತಾರೆ. ಇನ್ನು ಬೇಸಿಲ್ ಅನ್ನೋದು ಕಾಮಕಸ್ತೂರಿ ಜಾತಿ, ನಾವು ಹೂವಿನ ಜೊತೆ ಸೇರಿಸಿ ಕಟ್ಟೋದು. ಸಬ್ಬಸಿಗೆಯಂತೂ ಯುರೋಪಿನ ಕಡೆ ಬ್ರೆಡ್ಡಿಗೆ ಹಾಕೋದು ಹಳೇ ರೂಢಿ, ನಾವು ಅಕ್ಕಿರೊಟ್ಟಿಗೆ ಹಾಕೋ ಹಾಗೆ. ಬೆಲೆ ಬಿದ್ದಾಗ ಅದೇ ಸಬ್ಬಸಿಗೆನ ನಾವು ಮಡಿಯಲ್ಲೇ ಬಿಟ್ಟು ನೇಗಿಲು ಹೊಡೆದುಬಿಡ್ತೀವಿ. ಇದು ನನಗೆ ಸರಿ ಕಾಣೋದಿಲ್ಲ.

ನಮ್ಮ ಕಡೆ ಮೌಲ್ಯವರ್ಧನೆ ಅಂದ ತಕ್ಷಣ ಯಂತ್ರ, ಸಾಲ, ಬಣ್ಣದ ಕವರು ಇಷ್ಟೇ ಮಾತು. ಇಲ್ಲೇ ಪಕ್ಕದಲ್ಲಿ ಸಿಎಫ್‌ಟಿಆರ್‌ಐ ಇದೆ, 1950ರಿಂದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ. ಹಿಟ್ಟು ಬೀಸೋದು, ಬೇಕಿಂಗು ಇದಕ್ಕೇ ಅಲ್ಲೊಂದು ವಿಭಾಗ ಇದೆ. ಅಲ್ಲಿ ಹೋಗಿ ಕಲಿಯೋರು ಕಲೀರಿ, ಒಳ್ಳೇದೇ. ಆದ್ರೆ ಓವನ್ನಿಗೆ ದುಡ್ಡು ಹಾಕೋಕೆ ಮುಂಚೆ ಮನೇಲಿ ಒಂದು ಬ್ರೆಡ್ಡು ಮಾಡಿ ರುಚಿ ನೋಡಿ ಅಂತ ನನ್ನ ಮಾತು. ಅದಕ್ಕೆ ಸ್ಲೋ ಕುಕ್ಕರ್ ಸಾಕು. ಮಕ್ಕಳು ತಂದುಕೊಟ್ಟು, ಅಟ್ಟದ ಮೇಲೆ ಕೂತಿರೋದು ಎಷ್ಟೋ ಮನೇಲಿ ಇರುತ್ತೆ.

ಅದೇನು ದೊಡ್ಡ ವಿದ್ಯೆ ಅಲ್ಲ. ಉಪ್ಪಿನಕಾಯಿ ಜಾಡಿ ಥರದ ದಪ್ಪ ಪಾತ್ರೆ, ಸುತ್ತ ಸಣ್ಣ ಕಾವು ಕೊಡೋ ಕಾಯಿಲ್ಲು, ಮೇಲೆ ಗಾಜಿನ ಮುಚ್ಚಳ. ಬೆರಣಿ ಕಾವಲ್ಲಿ ಮಣ್ಣಿನ ಮಡಕೆ ಇಟ್ಟು ಬೆಳಗಿಂದ ಸಂಜೆವರೆಗೆ ಹಾಲು ಕಾಯಿಸ್ತಿದ್ದರಲ್ಲ, ಅದೇ ಲೆಕ್ಕ. ಅಮೆರಿಕದಲ್ಲಿ ಇರ್ವಿಂಗ್ ನ್ಯಾಕ್ಸನ್ ಅನ್ನೋರು 1940ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ್ರು. ಅವರ ತಾಯಿ ಕಡೆಯವರು ಊರಿನ ಬ್ರೆಡ್ಡು ಸುಡೋ ಒಲೆ ಆರ್ತಾ ಇರೋವಾಗ ಅದರೊಳಗೆ ಕಾಳಿನ ಮಡಕೆ ಇಟ್ಟು ರಾತ್ರಿಯೆಲ್ಲ ಬೇಯಿಸ್ತಿದ್ದರಂತೆ, ಆ ಕತೆ ಕೇಳಿ ಹೊಳೆದಿದ್ದು. ಹೆಸರಲ್ಲೇ ಕುಂಬಾರ ಇಟ್ಕೊಂಡಿರೋ ಕೊಪ್ಪಲಿನವರಿಗೆ ಮಡಕೆ ಕಾವು ಹೊಸದೇನಲ್ಲ ಬಿಡಿ.

ಮಾಡೋದು ಹೀಗೆ. ಗೋಧಿಹಿಟ್ಟು 400 ಗ್ರಾಂ, ರಾಗಿಹಿಟ್ಟು 100 ಗ್ರಾಂ. ರಾಗಿ ಇದಕ್ಕಿಂತ ಜಾಸ್ತಿ ಹಾಕಬೇಡಿ. ಗೋಧೀಲಿರೋ ಅಂಟು ರಾಗೀಲಿಲ್ಲ, ಹಿಟ್ಟು ಉಬ್ಬದೆ ಇಟ್ಟಿಗೆ ಆಗುತ್ತೆ. ಒಂದು ಚಮಚ ಒಣ ಈಸ್ಟು, ಒಂದೂವರೆ ಚಮಚ ಉಪ್ಪು, ಚೂರು ಬೆಲ್ಲ, ಎರಡು ದೊಡ್ಡ ಚಮಚ ಎಣ್ಣೆ. ಸಬ್ಬಸಿಗೆ 50 ಗ್ರಾಂ, ಎಳೇ ಕಡ್ಡಿ ಸಮೇತ ಸಣ್ಣಗೆ ಹೆಚ್ಚಿ. ತೊಳೆದ ಮೇಲೆ ಬಟ್ಟೇಲಿ ಒತ್ತಿ ನೀರು ತೆಗೀಲೇಬೇಕು. ದೊಡ್ಡಪತ್ರೆ ಆದ್ರೆ ಎಂಟತ್ತು ಎಲೆ ಸಾಕು, ಅದು ಬರೀ ರಸ, ಮೊದಲು ಎಣ್ಣೇಲಿ ಬಾಡಿಸ್ಕೊಳ್ಳಿ. ಉಗುರುಬೆಚ್ಚಗಿನ ನೀರು 300 ಮಿ.ಲೀ. ಹತ್ತಿರ ಹಿಡಿಯುತ್ತೆ, ಒಂದೇ ಸಲ ಸುರಿಯಬೇಡಿ, ಸೊಪ್ಪು ತಾನೇ ನೀರು ಬಿಡುತ್ತೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಎರಡರಷ್ಟು ಉಬ್ಬೋವರೆಗೆ ಮುಚ್ಚಿಡಿ. ನಮ್ಮ ಚಳಿಗಾಲದಲ್ಲಿ ಗಂಟೆ ಒಂದೂವರೆ ಆಗಬಹುದು.

ಕುಕ್ಕರಿನ ತಳಕ್ಕೆ ಬಾಡಿಸಿದ ಬಾಳೆಎಲೆ ಹಾಸಿ, ಉಂಡೆ ಮಾಡಿ ಇಟ್ಟು, ಹೈಯಲ್ಲಿ ಎರಡರಿಂದ ಎರಡೂವರೆ ಗಂಟೆ. ಮುಚ್ಚಳದ ಕೆಳಗೆ ಒಂದು ಒಣ ಬಟ್ಟೆ ಕಟ್ಟಿ, ಇಲ್ಲಾಂದ್ರೆ ಆವಿ ನೀರಾಗಿ ಬ್ರೆಡ್ಡಿನ ಮೇಲೇ ತೊಟ್ಟಿಕ್ಕಿ ಮುದ್ದೆ ಮಾಡುತ್ತೆ. ಬಟ್ಟೆ ತುದಿ ಕೆಳಗೆ ಜೋತಾಡಬಾರದು, ಮುಚ್ಚಳದ ಮೇಲಕ್ಕೆ ಗಂಟು ಹಾಕಿ. ಮೊದಲ ಒಂದೂವರೆ ಗಂಟೆ ತೆಗೆದು ತೆಗೆದು ನೋಡಬೇಡಿ. ತಳ ತಟ್ಟಿದ್ರೆ ಟೊಳ್ಳು ಶಬ್ದ ಬರಬೇಕು. ಮೇಲ್ಭಾಗ ಬಿಳಿಚಿಕೊಂಡೇ ಇರುತ್ತೆ, ಅದು ಈ ಪಾತ್ರೆ ಗುಣ. ಕಾವಲಿ ಮೇಲೆ ಬೋರಲು ಹಾಕಿ ಐದು ನಿಮಿಷ ಬಿಟ್ಟರೆ ಕೆಂಪಗಾಗುತ್ತೆ. 200-250 ವ್ಯಾಟಿನ ಕುಕ್ಕರಾದ್ರೆ ಕರೆಂಟು ಅರ್ಧ ಯೂನಿಟ್ಟಿನ ಸುಮಾರು. ಬಿಸಿ ಪಾತ್ರೆಗೆ ತಣ್ಣೀರು ಮಾತ್ರ ಹಾಕಬೇಡಿ, ಸೀಳಿಬಿಡುತ್ತೆ. ಹಸಿ ಸೊಪ್ಪಿನ ಬ್ರೆಡ್ಡು ಎರಡು ದಿನದೊಳಗೆ ತಿಂದು ಮುಗಿಸಿ.

ಈಗ ದುಡ್ಡಿನ ಮಾತು. ಬ್ರೆಡ್ಡಿನಿಂದ ಸೊಪ್ಪಿನ ಬೆಲೆ ಏರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ದಿನಕ್ಕೆ 40 ಬ್ರೆಡ್ಡು ಮಾಡೋ ಬೇಕರಿಗೆ 2 ಕೆ.ಜಿ. ಸೊಪ್ಪು ಸಾಕು. ಅಷ್ಟೇನಾ ಅಂತೀರಿ. ಅಷ್ಟೇ. ಆದ್ರೆ ಆ 2 ಕೆ.ಜಿ. ವರ್ತನೆ ಆಗುತ್ತೆ. ಹಾಲಿಗೆ, ಹೂವಿಗೆ ವರ್ತನೆ ಇದೆ, ತಿಂಗಳ ಲೆಕ್ಕ ಇದೆ. ಸೊಪ್ಪಿಗೆ ಮಾತ್ರ ಕಂತೆ ಇಳಿಸಿದ ಮೇಲೇ ರೇಟು ಗೊತ್ತಾಗೋದು, ಬೆಳಗ್ಗೆ ಒಂದು, ಹತ್ತು ಗಂಟೆಗೆ ಇನ್ನೊಂದು. ಬಾಡೋ ಮಾಲು ಹಿಡ್ಕೊಂಡು ಚೌಕಾಸಿ ಮಾಡೋಕಾಗುತ್ತಾ? ಒಂದೊಂದು ಬೇಕರಿ, ಒಂದೊಂದು ಮೆಸ್ಸು ಹಿಡಿದು ವರ್ಷಪೂರ್ತಿ ಒಂದೇ ರೇಟು ಮಾತಾಡ್ಕೊಂಡ್ರೆ ಬಿತ್ತೋವಾಗಲೇ ಆ ಭಾಗದ ಲೆಕ್ಕ ನಮ್ಮ ಕೈಲಿರುತ್ತೆ. ಸಬ್ಬಸಿಗೆ 40-45 ದಿನದ ಬೆಳೆ, ಹತ್ತು ದಿನಕ್ಕೊಂದು ಸಣ್ಣ ಮಡಿ ಬಿತ್ತುತ್ತಾ ಹೋದ್ರೆ ತಪ್ಪದೆ ಕೊಡಬಹುದು. ಒಬ್ಬರ ಕೈಲಾಗದಿದ್ರೆ ಮೂರು ಜನ ಸೇರಿ. ಮಾತಾಡೋಕೆ ಹೋಗೋವಾಗ ಬರೀ ಕಂತೆ ತಗೊಂಡು ಹೋಗಬೇಡಿ, ಬ್ರೆಡ್ಡು ಕೊಯ್ದು ತುಂಡು ಕೊಡಿ. ಬ್ರೆಡ್ಡೇ ಮಾರೋ ಆಸೆ ಇದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಅದಿಲ್ಲದೆ ಬೇಡ.

ಒಂದು ಕಹಿ ಮಾತು. ಪಟ್ಟಣದ ಅಂಚಿನ ಸೊಪ್ಪು ಅಂದ್ರೆ ಮೋರಿ ನೀರಿಂದು ಅನ್ನೋ ಹೆಸರು ನಮ್ಮೆಲ್ಲರ ಮೇಲೂ ಇದೆ. ಬೇಕರಿಯವನು ಮೊದಲು ಕೇಳೋದು ಅದನ್ನೇ. ಬೋರ್ ನೀರಾದ್ರೆ ಕರ್ಕೊಂಡು ಬಂದು ಬೋರ್ ತೋರಿಸಿ. ಔಷಧಿ ಹೊಡೆದ ದಿನ, ಕೊಯ್ದ ದಿನ ಬರೆದಿಟ್ಟು ತೋರಿಸಿ. ಕೊಳಚೆ ನೀರು ಹಾಯಿಸೋರು ದಯವಿಟ್ಟು ಈ ದಾರಿಗೆ ಬರಬೇಡಿ, ಒಬ್ಬನಿಂದ ಹತ್ತು ಜನದ ವರ್ತನೆ ನಿಲ್ಲುತ್ತೆ. ಕೋಪ ಬಂದ್ರೂ ಪರವಾಗಿಲ್ಲ, ಹೇಳ್ದೆ.

ದೊಡ್ಡಪತ್ರೆ ಕಡ್ಡಿ ಬೇಕಾದೋರು ನಮ್ಮ ಬೇಲಿ ಹತ್ತಿರ ಬಂದು ಮುರ್ಕೊಂಡು ಹೋಗಿ, ಗೇಣುದ್ದ ಸಾಕು, ಸುಮ್ಮನೆ ಚುಚ್ಚಿದ್ರೂ ಬೇರು ಬಿಡುತ್ತೆ. ನೀರು ನಿಲ್ಲೋ ಕಡೆ ಮಾತ್ರ ನೆಡಬೇಡಿ, ಕೊಳೆಯುತ್ತೆ.