ಪದವಿ ವಿಷಯ ಆಯ್ಕೆ: ಮುಚ್ಚುವ ಬಾಗಿಲು ಯಾವುದು?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಬೆನ್ನಲ್ಲೇ ಸಾವಿರಾರು ಕುಟುಂಬಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಬಿಎಯೋ, ಬಿಎಸ್ಸಿಯೋ, ಬಿಕಾಮೋ? ವೈದ್ಯಕೀಯ, ಎಂಜಿನಿಯರಿಂಗ್ ಬಯಸುವವರ ದಾರಿ ಪಿಯುಸಿ ಹಂತದಲ್ಲೇ ಬಹುತೇಕ ನಿಗದಿಯಾಗಿರುತ್ತದೆ. ಆದರೆ ಮುಂದೆ ವಕೀಲರಾಗಬೇಕೋ, ಶಿಕ್ಷಕರಾಗಬೇಕೋ, ಎಂಬಿಎ ಮಾಡಬೇಕೋ ಎಂಬುದನ್ನು ಇನ್ನೂ ನಿರ್ಧರಿಸದ ವಿದ್ಯಾರ್ಥಿಯೇ ನಿಜವಾದ ಇಕ್ಕಟ್ಟಿಗೆ ಸಿಲುಕುವುದು.

ಅಮೆರಿಕದಲ್ಲಿ ವೈದ್ಯಕೀಯ ಹಾಗೂ ಕಾನೂನು ಶಿಕ್ಷಣ ಸಾಮಾನ್ಯವಾಗಿ ಪದವಿಯ ನಂತರವೇ ಆರಂಭವಾಗುತ್ತದೆ. ಹಾಗಾಗಿ ಅಲ್ಲಿನ ವಿದ್ಯಾರ್ಥಿಗೆ ಯೋಚಿಸಲು ಕೆಲವು ವರ್ಷಗಳ ಕಾಲಾವಕಾಶ ದೊರೆಯುತ್ತದೆ. ಭಾರತದಲ್ಲಿ ಅಂಥ ಅವಕಾಶವಿರುವುದು ಕಾನೂನು, ನಿರ್ವಹಣೆ, ಶಿಕ್ಷಕ ತರಬೇತಿ, ಎಂಸಿಎ ಮುಂತಾದ ಕ್ಷೇತ್ರಗಳಲ್ಲಿ ಮಾತ್ರ. ಈ ಪ್ರತಿಯೊಂದರ ಪ್ರವೇಶ ನಿಯಮವೂ ಬೇರೆ ಬೇರೆ.

ಅಂಕವೇ ಮುಖ್ಯ

ಎಂಬಿಎ ಮಾಡಬೇಕಾದರೆ ಬಿಕಾಂ ಓದಿರಬೇಕು, ಎಲ್‌ಎಲ್‌ಬಿಗೆ ಬಿಎ ಆಗಿರಬೇಕು ಎಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಇದಕ್ಕೆ ಆಧಾರವಿಲ್ಲ. ಮೂರು ವರ್ಷಗಳ ಎಲ್‌ಎಲ್‌ಬಿಗೆ ಯಾವುದೇ ಪದವಿ ಸಾಕು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಅಗತ್ಯ. ಎಂಬಿಎಗೂ ಯಾವುದೇ ಪದವಿ ನಡೆಯುತ್ತದೆ. ಅಲ್ಲಿ ಶೇ 50, ಮೀಸಲು ವರ್ಗಕ್ಕೆ ಶೇ 45. ಅಂದರೆ ಈ ಎರಡು ಕ್ಷೇತ್ರಗಳಲ್ಲಿ ಕೇಳುವುದು ವಿಷಯವನ್ನಲ್ಲ, ಅಂಕವನ್ನು. ಒಲ್ಲದ ವಿಷಯ ಆರಿಸಿಕೊಂಡು ಅಂಕ ಕಳೆದುಕೊಳ್ಳುವವನಿಗೆ ನಷ್ಟವೇ ಹೆಚ್ಚು.

ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷಗಳ ಕಾನೂನು ಕೋರ್ಸಿಗೆ ಸೇರಿದರೆ ಒಂದು ವರ್ಷ ಉಳಿಯುತ್ತದೆ, ನಿಜ. ಪದವಿಯ ಬಳಿಕ ಎಲ್‌ಎಲ್‌ಬಿ ಮಾಡುವವರಿಗೆ ಒಟ್ಟು ಆರು ವರ್ಷ ಬೇಕು. ಆ ಹೆಚ್ಚುವರಿ ವರ್ಷವನ್ನು, ಮನಸ್ಸು ಬದಲಿಸುವ ಸ್ವಾತಂತ್ರ್ಯಕ್ಕೆ ತೆರುವ ಬೆಲೆಯೆಂದು ಪರಿಗಣಿಸಬೇಕು.

ವಿಷಯವೇ ನಿರ್ಣಾಯಕ

ಇನ್ನು ಕೆಲವು ಕಡೆ ವಿಷಯವೇ ನಿರ್ಣಾಯಕ. ಎಂಸಿಎಗೆ ಬಿಸಿಎ ಅಲ್ಲದ ಪದವೀಧರರು ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕೆಂಬುದು ರೂಢಿಯ ನಿಯಮ. 2015ರಿಂದ ಎರಡು ವರ್ಷಗಳಿಗೆ ವಿಸ್ತರಣೆಯಾದ ಬಿ.ಇಡಿಯಲ್ಲಿ, ಅಭ್ಯರ್ಥಿ ಪ್ರೌಢಶಾಲೆಯಲ್ಲಿ ಯಾವ ವಿಷಯ ಬೋಧಿಸಬಲ್ಲನೆಂಬುದನ್ನು ಪದವಿಯ ವಿಷಯಗಳೇ ನಿರ್ಧರಿಸುತ್ತವೆ. ಎಂಎಸ್ಸಿಗಂತೂ ಸಂಬಂಧಪಟ್ಟ ವಿಷಯ ಕಡ್ಡಾಯವೆಂದೇ ಹೇಳಬಹುದು. ಆದ್ದರಿಂದ ನಿರ್ಧಾರವಾಗದ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ 'ಯಾವುದು ಶ್ರೇಷ್ಠ' ಎಂಬುದಲ್ಲ. 'ಯಾವುದನ್ನು ಈಗ ಬಿಟ್ಟರೆ ಮತ್ತೆ ಹಿಡಿಯಲಾಗದು' ಎಂಬುದು. ಕಾನೂನನ್ನು ಪದವಿಯ ಬಳಿಕವೂ ಹಿಡಿಯಬಹುದು. ಕೈಬಿಟ್ಟ ಗಣಿತವನ್ನು ಹಿಡಿಯುವುದು ಕಷ್ಟ.

ನೀತಿಯ ಏರುಪೇರು

ಈ ಗೊಂದಲಕ್ಕೆ ಸರ್ಕಾರಗಳ ಪಾಲೂ ಸೇರಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿ ಜಾರಿಗೆ ಬಂತು. ಸುಖದೇವ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯ ಬಳಿಕ 2024-25ರಿಂದ ಮೂರು ವರ್ಷಗಳ ಪದವಿ ಮರಳಿತು. ಮೂರೇ ವರ್ಷಗಳಲ್ಲಿ ಎರಡು ವ್ಯವಸ್ಥೆ ಕಂಡ ವಿದ್ಯಾರ್ಥಿಗಳಿಗೆ ಸರಿಯಾದ ಮಾರ್ಗದರ್ಶನ ದೊರೆಯಿತೇ ಎಂಬುದು ಬೇರೆಯೇ ಪ್ರಶ್ನೆ.

ಕಾಗದದ ಮೇಲಿನ ಆಯ್ಕೆಗೂ ಕಾಲೇಜಿನಲ್ಲಿ ಲಭ್ಯವಿರುವ ಆಯ್ಕೆಗೂ ಅಂತರವಿದೆ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಬೋಧಕರಿಲ್ಲದ ವಿಷಯವನ್ನು ವಿದ್ಯಾರ್ಥಿ ಬಯಸಿಯೂ ಪ್ರಯೋಜನವಿಲ್ಲ. ನಗರದ ಖಾಸಗಿ ಕಾಲೇಜಿನ ಶುಲ್ಕ ಭರಿಸಲಾಗದವನಿಗೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇರುವುದೇ ಆಯ್ಕೆ. ಮನಸ್ಸು ಬದಲಿಸುವ ಅವಕಾಶವೂ ಉಳ್ಳವರ ಸೊತ್ತಾಗುವುದು ಹೀಗೆ.

ಪ್ರವೇಶದ ಅರ್ಜಿಯ ಜೊತೆಯಲ್ಲೇ ಯಾವ ವಿಷಯ ಸಂಯೋಜನೆ ಯಾವ ವೃತ್ತಿಶಿಕ್ಷಣಕ್ಕೆ ಅರ್ಹತೆ ನೀಡುತ್ತದೆ ಎಂಬ ಒಂದು ಪುಟದ ಮಾಹಿತಿಯನ್ನು ಪ್ರತಿ ಕಾಲೇಜೂ ನೀಡಬೇಕು. ಅದಕ್ಕೆ ಹೊಸ ಆಯೋಗವೂ ಬೇಡ, ಹೊಸ ನೀತಿಯೂ ಬೇಡ. ಹದಿನೆಂಟರ ವಯಸ್ಸಿನಲ್ಲಿ ಗುರಿ ಖಚಿತವಾಗದಿರುವುದು ತಪ್ಪಲ್ಲ. ಮಾಹಿತಿಯ ಕೊರತೆಯಿಂದ ದಾರಿ ಮುಚ್ಚಿಹೋಗುವುದು ಮಾತ್ರ ಅನ್ಯಾಯ.