ಲಸಿಕೆಯ ನಿರ್ಬಂಧ: ವರ್ತಕನ ಹೊಣೆ ಎಲ್ಲಿಯವರೆಗೆ?

2021ರ ಡಿಸೆಂಬರ್ 3ರಂದು ಕರ್ನಾಟಕ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯನ್ನು ಸದಸ್ಯರು ಮರೆತಿರಲಾರರು. ಎರಡು ಡೋಸ್ ಲಸಿಕೆ ಪಡೆದವರಿಗೆ ಮಾತ್ರ ಮಾಲ್ ಹಾಗೂ ಚಿತ್ರಮಂದಿರಗಳಿಗೆ ಪ್ರವೇಶವೆಂಬುದು ಅದರಲ್ಲಿನ ಒಂದು ಅಂಶ. ಆದೇಶ ಸರ್ಕಾರದ್ದು, ಪ್ರಮಾಣಪತ್ರ ಪರಿಶೀಲಿಸಿ ಬೈಗುಳ ತಿನ್ನುವ ಪಾಳಿ ಬಾಗಿಲಿನ ಕಾವಲುಗಾರನದು. ನನ್ನಲ್ಲಿ ಲೆಕ್ಕ ಪರಿಶೋಧನೆ ಮಾಡಿಸುವ ಚಿತ್ರಮಂದಿರದ ಮಾಲೀಕರೊಬ್ಬರು, ಇದಕ್ಕೆಂದೇ ನೇಮಿಸಿದ ಇಬ್ಬರ ಸಂಬಳವನ್ನು ಯಾವ ಶೀರ್ಷಿಕೆಯಡಿ ಬರೆಯಲಿ ಎಂದು ಕೇಳಿದರು. ‘ಭದ್ರತಾ ವೆಚ್ಚ’ ಎಂದೆ. ವಾಸ್ತವದಲ್ಲಿ ಅದು ಸರ್ಕಾರದ ವೆಚ್ಚ.

ನಾನು ಲಸಿಕೆಯ ವಿರೋಧಿಯಲ್ಲ. ಎರಡೂ ಡೋಸ್ ಪಡೆದವನು, ಕಚೇರಿಯ ಸಿಬ್ಬಂದಿಯನ್ನು ಸಂಬಳ ಸಹಿತ ರಜೆ ಕೊಟ್ಟು ಕಳುಹಿಸಿದವನು. ನನ್ನ ಆಕ್ಷೇಪ ವಿಧಾನದ ಬಗ್ಗೆ.

ಮೇಘಾಲಯದಲ್ಲಿ ಅಂಗಡಿಕಾರರು, ಬೀದಿ ವ್ಯಾಪಾರಿಗಳು, ಟ್ಯಾಕ್ಸಿ ಚಾಲಕರು ಲಸಿಕೆ ಪಡೆದ ಮೇಲೆಯೇ ವ್ಯವಹಾರ ಪುನರಾರಂಭಿಸಬೇಕೆಂದು ಜಿಲ್ಲಾಧಿಕಾರಿಗಳು ಆದೇಶಿಸಿದ್ದರು. 2021ರ ಜೂನ್‌ನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು, ಬಲವಂತದ ಲಸಿಕೆಯು ಸಂವಿಧಾನದ 21ನೆಯ ವಿಧಿಗೂ ಜೀವನೋಪಾಯದ ಹಕ್ಕಿಗೂ ವಿರುದ್ಧವೆಂದಿತು. ಬದಲಿಗೆ, ಸಿಬ್ಬಂದಿ ಲಸಿಕೆ ಪಡೆದಿರುವರೋ ಇಲ್ಲವೋ ಎಂಬ ಫಲಕವನ್ನು ಅಂಗಡಿಯ ಮುಂದೆ ಪ್ರದರ್ಶಿಸಲು ಸೂಚಿಸಿತು. ಸ್ಥಿತಿಯನ್ನು ಬಹಿರಂಗಪಡಿಸಿ ನಿರ್ಧಾರವನ್ನು ಎದುರಿನವರಿಗೆ ಬಿಡುವ ಈ ಕ್ರಮ ಲೆಕ್ಕಿಗನಾದ ನನಗೆ ಸಹಜವಾಗಿಯೇ ಹಿಡಿಸಿತು. ಆದರೆ ಒಬ್ಬನೇ ನೌಕರನಿರುವ ಅಂಗಡಿಯಲ್ಲಿ ಆ ಫಲಕವು ಅವನ ಆರೋಗ್ಯದ ಗುಟ್ಟನ್ನು ಬೀದಿಗೆ ಹೇಳಿದಂತೆಯೇ ಸರಿ!

2022ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವು ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ನೀಡುವಂತಿಲ್ಲವೆಂದು ತೀರ್ಪಿತ್ತಿತು. ಸರ್ಕಾರದ ಲಸಿಕಾ ನೀತಿಯನ್ನು ಅದು ಎತ್ತಿಹಿಡಿಯಿತು. ಸಮುದಾಯದ ಆರೋಗ್ಯಕ್ಕಾಗಿ ನಿರ್ಬಂಧ ವಿಧಿಸಬಹುದು, ಆದರೆ ಅದು ಅಪಾಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕೆಂದಿತು. ಖಾಸಗಿ ಸಂಸ್ಥೆಗಳೂ ತಮ್ಮ ಆದೇಶಗಳನ್ನು ಮರುಪರಿಶೀಲಿಸಲೆಂದು ಸಲಹೆ ನೀಡಿತು.

ತೀರ್ಪು ಬಂದದ್ದು ಅಲೆ ಇಳಿದ ಮೇಲೆ. ಮುಂದಿನ ಬಾರಿ ವರ್ತಕನು ತೀರ್ಪಿಗಾಗಿ ಕಾಯಬೇಕೆ? ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020 ಸರ್ಕಾರಕ್ಕೆ ವಿಶಾಲ ಅಧಿಕಾರ ನೀಡಿದೆ. ನಿರ್ಬಂಧಕ್ಕೆ ಲಿಖಿತ ಕಾರಣ, ಅವಧಿಯ ಮಿತಿ, ವೈದ್ಯಕೀಯ ವಿನಾಯಿತಿ, ತಪಾಸಣೆಯ ವೆಚ್ಚ ಯಾರದು, ಸಂಗ್ರಹಿಸಿದ ಪ್ರಮಾಣಪತ್ರಗಳ ಪ್ರತಿಗಳನ್ನು ಎಂದು ನಾಶಪಡಿಸಬೇಕು ಎಂಬಿಷ್ಟನ್ನು ತಿದ್ದುಪಡಿಯ ಮೂಲಕ ಸ್ಪಷ್ಟವಾಗಿ ಸೇರಿಸಬೇಕು. ತೆರಿಗೆಯ ಬೇಡಿಕೆಗಳನ್ನು ನಾವು ಪ್ರತಿ ವರ್ಷವೂ ಬಜೆಟ್‌ಪೂರ್ವ ಮನವಿಯಲ್ಲಿ ಸಲ್ಲಿಸುತ್ತೇವೆ. ಈ ಸಲ ಅದರೊಡನೆ ಈ ಒಂದು ಪುಟವನ್ನೂ ಲಗತ್ತಿಸುವ ವಿಷಯವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ಕೋರುತ್ತೇನೆ.